ಹಿಮಾಲಯದ ಸರೋವರಗಳೆಡೆಗೆ ಒಂದು ದಿನದ ನಡಿಗೆ

ಗುಡ್ಡದ ನೆತ್ತಿಯ ಮೇಲೆ ನೀರು ನಿಲ್ಲುವುದೆಂದರೆ ನಮ್ಮ ಕಾಸರಗೋಡು ಸೀಮೆಯ ಮಕ್ಕಳಿಗೆ ಹೊಸ ಸಂಗತಿಯಲ್ಲ. ಮುರಕಲ್ಲಿನ ಪದವುಗಳ ಮೇಲೆ ಮಳೆಗಾಲದಲ್ಲಿ ತುಂಬಿಕೊಳ್ಳುವ ಪಳ್ಳಗಳನ್ನು ಅವರು ಶಾಲೆಗೆ ಬರುವ ದಾರಿಯಲ್ಲಿಯೇ ಕಾಣುತ್ತಾರೆ. ಎರಡು ಗುಡ್ಡಗಳ ನಡುವಣ ತಗ್ಗಿಗೆ ಮಣ್ಣಿನ ಕಟ್ಟೆ ಹಾಕಿ, ಬೀಳುವ ಮಳೆನೀರನ್ನು ತಡೆದು ನಿಲ್ಲಿಸುವ ಮದಕವೂ ಅವರಿಗೆ ಪರಿಚಿತವೇ. ಮದಕ ತುಂಬಿದರೆ ಕೆಳಗಿನ ಬಾವಿ ಬತ್ತುವುದಿಲ್ಲ. ಅದರ ಕಟ್ಟೆ ಒಡೆದರೆ ಕೆಳಗಿನ ಗದ್ದೆ ಉಳಿಯುವುದಿಲ್ಲ. ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಹಿಮಾಲಯದ ಸರೋವರಗಳ ಪಾಠವು ಅರ್ಧಕ್ಕರ್ಧ ತಿಳಿದಂತೆಯೇ ಸರಿ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಈ ವರ್ಷ, ಮುಂದಿನ ಪ್ರವಾಸಕ್ಕೆ ಹಿಮಾಲಯಕ್ಕೇ ಹೋಗೋಣವೆಂದು ಕೇಳಿದರು. ಅವರ ಉತ್ಸಾಹವನ್ನು ಕಂಡು ನಮಗೆ ಸಂತೋಷವಾಯಿತು. ಆದರೆ ಹೆತ್ತವರಲ್ಲಿ ಕೆಲವರು, ಅಷ್ಟು ಎತ್ತರದ ದುರ್ಗಮ ಪ್ರದೇಶಕ್ಕೆ ಮಕ್ಕಳನ್ನು ಕಳುಹಿಸುವುದು ಹೇಗೆಂದು ಅಳುಕಿದರು. ಇಬ್ಬರ ಮಾತಿನಲ್ಲಿಯೂ ತಥ್ಯವುಂಟು. ಕೆಲವು ವರ್ಷಗಳ ಹಿಂದೆ ನಾವು ಎಂಟು ಮಂದಿ, ಅಧ್ಯಾಪಕರೂ ರಕ್ಷಕರೂ ಸೇರಿ, ಗಢವಾಲ ಪ್ರಾಂತದ ಎರಡು ಸರೋವರಗಳೆಡೆಗೆ ನಡೆದುಹೋದುದುಂಟು. ಒಂದನ್ನು ಕಣ್ತುಂಬ ಕಂಡೆವು. ಇನ್ನೊಂದನ್ನು ಈ ಸಾಲುಗಳನ್ನು ಬರೆಯುತ್ತಿರುವ ನಾವು ಇಂದಿಗೂ ಕಂಡಿಲ್ಲ. ಕಂಡ ಸರೋವರಕ್ಕಿಂತ ಕಾಣದ ಸರೋವರವೇ ನಮಗೆ ಹೆಚ್ಚು ಕಲಿಸಿತೆಂಬ ಕಾರಣದಿಂದ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ಹಿಮವು ತೋಡಿದ ಕೆರೆಗಳು

ದಕ್ಷಿಣದ ಬೆಟ್ಟಗಳಲ್ಲಿಯೂ ಕೆರೆಗಳಿಲ್ಲವೆಂದಲ್ಲ. ವಯನಾಡಿನ ಚೆಂಬ್ರ ಶಿಖರವು ಸುಮಾರು 2,100 ಮೀಟರು ಎತ್ತರವಾಗಿದ್ದು, ಅದನ್ನು ಏರುವ ದಾರಿಯಲ್ಲಿ ಹೃದಯದ ಆಕಾರದ ಒಂದು ಪುಟ್ಟ ಕೆರೆಯಿದೆ. ಉದಕಮಂಡಲದ ಕೆರೆಯಂತೂ ಲೋಕಪ್ರಸಿದ್ಧ. ಆದರೆ ಅದು 1820ರ ದಶಕದಲ್ಲಿ ಜಾನ್ ಸಲ್ಲಿವನ್ ಎಂಬ ಅಧಿಕಾರಿಯು ಕಟ್ಟಿಸಿದ ಕೆರೆ. ಇವುಗಳಲ್ಲಿ ಯಾವುದನ್ನೂ ಹಿಮನದಿಯು ನಿರ್ಮಿಸಿದುದಲ್ಲ. ಹಿಮಾಲಯದ ಎತ್ತರದ ಸರೋವರಗಳಾದರೋ ಬಹುಮಟ್ಟಿಗೆ ಹಿಮನದಿಗಳ ಕೈಕೆಲಸ.

ಹಿಮನದಿ ಎಂದರೇನು? ವರ್ಷವರ್ಷವೂ ಬಿದ್ದ ಹಿಮವು ಕರಗದೆ ಒಂದರ ಮೇಲೊಂದು ಪದರವಾಗಿ ಕೂಡಿಕೊಂಡು, ತನ್ನ ಭಾರದಿಂದಲೇ ಗಟ್ಟಿಯಾದ ನೀರ್ಗಲ್ಲಾಗಿ, ಇಳಿಜಾರಿನಲ್ಲಿ ಅತಿ ನಿಧಾನವಾಗಿ ಜಾರತೊಡಗುತ್ತದೆ. ಅದು ಹರಿಯುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಬಲ ಅಪಾರ. ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನೇ ಉಳಿಯಂತೆ ಬಳಸಿಕೊಂಡು ಅದು ಬೆಟ್ಟದ ಒಡಲನ್ನು ಕೆತ್ತುತ್ತದೆ. ಹೀಗೆ ಶಿಖರದ ಬುಡದಲ್ಲಿ, ಕೈಯುಳ್ಳ ಕುರ್ಚಿಯ ಪೀಠದಂತೆ ಒಂದು ತಗ್ಗು ಉಂಟಾಗುತ್ತದೆ. ಸಾವಿರಾರು ವರ್ಷಗಳ ಬಳಿಕ ಹವೆ ಬೆಚ್ಚಗಾಗಿ ಹಿಮನದಿಯು ಹಿಂದಕ್ಕೆ ಸರಿದಾಗ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಇದು ಒಂದು ಬಗೆಯ ಸರೋವರ.

ಇನ್ನೊಂದು ಬಗೆಯದು ನಮ್ಮ ಮದಕವನ್ನೇ ಹೋಲುತ್ತದೆ. ಹಿಮನದಿಯು ತಾನು ಕೆತ್ತಿದ ಕಲ್ಲು, ಮಣ್ಣು, ಮರಳುಗಳನ್ನು ಹೊತ್ತು ತಂದು ತನ್ನ ಮುಂಭಾಗದಲ್ಲಿಯೂ ಪಕ್ಕಗಳಲ್ಲಿಯೂ ರಾಶಿ ಹಾಕುತ್ತದೆ. ಈ ರಾಶಿಗೆ ಭೂಗೋಳಶಾಸ್ತ್ರದಲ್ಲಿ ಮೊರೇನ್ ಎಂದು ಹೆಸರು. ಹಿಮನದಿ ಹಿಂದೆ ಸರಿದ ಮೇಲೆ ಈ ರಾಶಿಯೇ ಕಟ್ಟೆಯಾಗಿ ನಿಂತು ಕರಗಿದ ನೀರನ್ನು ತಡೆಯುತ್ತದೆ. ಆದರೆ ಮದಕಕ್ಕೂ ಇದಕ್ಕೂ ಒಂದು ಮುಖ್ಯವಾದ ಭೇದವಿದೆ. ಮದಕದ ಕಟ್ಟೆಯನ್ನು ನಮ್ಮ ಹಿರಿಯರು ಮಣ್ಣು ತುಳಿದು, ಗಟ್ಟಿ ಮಾಡಿ, ಹೆಚ್ಚಿದ ನೀರು ಹೊರಹೋಗಲು ದಾರಿಯಿಟ್ಟು ಕಟ್ಟಿದರು. ಮೊರೇನಿನ ಕಟ್ಟೆಯನ್ನು ಯಾರೂ ತುಳಿದು ಗಟ್ಟಿ ಮಾಡಿಲ್ಲ. ಅದು ಸಡಿಲವಾಗಿ ಸುರಿದ ರಾಶಿ.

ಈ ಸರೋವರಗಳಲ್ಲಿ ಅನೇಕವುಗಳ ನೀರು ಹಾಲು ಬೆರೆತ ಹಸಿರು ನೀಲಿಯ ಬಣ್ಣದ್ದಾಗಿರುವುದನ್ನು ಚಿತ್ರಗಳಲ್ಲಿ ನೀವು ನೋಡಿರಬಹುದು. ಯಾರೂ ನೀರಿಗೆ ಬಣ್ಣ ಹಾಕಿಲ್ಲ. ಹಿಮನದಿಯು ಕಲ್ಲನ್ನು ಕಲ್ಲಿಗೆ ಉಜ್ಜಿದಾಗ ಹಿಟ್ಟಿನಂತಹ ನಯವಾದ ಪುಡಿಯುಂಟಾಗುತ್ತದೆ. ಬೀಸುವ ಕಲ್ಲಿನಲ್ಲಿ ಅಕ್ಕಿ ಹಿಟ್ಟಾಗುವ ಹಾಗೆಯೇ ಇದು. ಈ ಪುಡಿಯು ಬೇಗನೆ ತಳಕ್ಕಿಳಿಯದೆ ನೀರಿನಲ್ಲಿ ತೇಲುತ್ತಿದ್ದು, ಸೂರ್ಯನ ಬೆಳಕಿನಲ್ಲಿರುವ ನೀಲಿ ಹಸಿರು ಕಿರಣಗಳನ್ನು ಚದುರಿಸಿ ನಮ್ಮ ಕಣ್ಣಿಗೆ ತಲಪಿಸುತ್ತದೆ. ಹಿಮನದಿಯ ಸಂಬಂಧ ಕಡಿದುಹೋದ ಸರೋವರಗಳಲ್ಲಿ ಪುಡಿಯು ತಳಕ್ಕಿಳಿದು ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ.

ಮೊದಲನೆಯ ನಡಿಗೆ: ದೇವರಿಯಾ ತಾಲ್

ಹರಿದ್ವಾರದಿಂದ ಅಲಕನಂದೆಯ ಕಣಿವೆಯನ್ನು ಹಿಡಿದು ಮೇಲೇರುವಾಗ ದೇವಪ್ರಯಾಗ, ರುದ್ರಪ್ರಯಾಗ ಮೊದಲಾದ ಸಂಗಮಕ್ಷೇತ್ರಗಳು ಒಂದೊಂದಾಗಿ ಬರುತ್ತವೆ. ಆ ನಾಡು ನಮಗೆ ತೀರ ಪರಕೀಯವಲ್ಲ. ಕೇದಾರದ ರಾವಲರು ವೀರಶೈವ ಸಂಪ್ರದಾಯಕ್ಕೆ ಸೇರಿದವರು. ಬದರಿಯ ರಾವಲರು ಕೇರಳದ ನಂಬೂದಿರಿಗಳು. ದಕ್ಷಿಣದವರು ಅಷ್ಟು ದೂರದ ಹಿಮದ ನಡುವೆ ಪೂಜೆ ನಡೆಸಿಕೊಂಡು ಬಂದಿರುವುದು ನಮ್ಮ ದೇಶದ ಒಂದು ಸೊಗಸಾದ ಸಂಗತಿಯಲ್ಲವೆ?

ರುದ್ರಪ್ರಯಾಗದಿಂದ ಮಂದಾಕಿನಿಯ ಕಡೆಗೆ ತಿರುಗಿ, ಊಖೀಮಠವನ್ನು ದಾಟಿದರೆ ಸಾರಿ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಂದ ದೇವರಿಯಾ ತಾಲಿಗೆ ಸುಮಾರು 3 ಕಿಲೋಮೀಟರು ದಾರಿ. ಸರೋವರವು 2,400 ಮೀಟರುಗಳ ಆಸುಪಾಸಿನ ಎತ್ತರದಲ್ಲಿದೆ. ನೀಲಗಿರಿಯ ದೊಡ್ಡಬೆಟ್ಟವು 2,637 ಮೀಟರು ಎತ್ತರವಿರುವುದರಿಂದ, ಎತ್ತರದಲ್ಲಿ ದೊಡ್ಡಬೆಟ್ಟವೇ ಮೇಲು. ಈ ಕೆರೆಯು ಮರಗಳು ಬೆಳೆಯುವ ಗಡಿಯೊಳಗೇ, ಕಾಡಿನ ನಡುವೆ ಹುಲ್ಲುಗಾವಲಿನಲ್ಲಿದೆ. ಆದುದರಿಂದ ಬಯಲುಸೀಮೆಯಿಂದಲೂ ಕರಾವಳಿಯಿಂದಲೂ ಬಂದವರು ತಮ್ಮ ಕಾಲನ್ನೂ ಉಸಿರನ್ನೂ ಪರೀಕ್ಷಿಸಿಕೊಳ್ಳಲು ಇದು ತಕ್ಕ ಸ್ಥಳ.

ಬುರಾಂಶ್ ಮರಗಳ ನಡುವೆ ಮೇಲೇರಿ ನಾವು ಕೆರೆಯ ದಂಡೆಗೆ ಬಂದಾಗ ಬೆಳಗಿನ ಗಾಳಿಯಿನ್ನೂ ಏಳದೆ ನೀರು ಅಲುಗದೆ ನಿಂತಿತ್ತು. 7,138 ಮೀಟರು ಎತ್ತರದ ಚೌಖಂಬಾ ಶಿಖರವು ತನ್ನ ಹಿಮದೊಡನೆ ಆ ನೀರಿನಲ್ಲಿ ತಲೆಕೆಳಗಾಗಿ ಮೂಡಿತ್ತು. ನಾವು ಬಹಳ ಹೊತ್ತು ಮಾತಾಡಲಿಲ್ಲ. ಪಾಂಡವರು ಬಾಯಾರಿ ನೀರನ್ನರಸಿ ಬಂದುದು, ಯಕ್ಷನು ಪ್ರಶ್ನೆಗಳನ್ನು ಕೇಳಿದುದು ಈ ಕೆರೆಯ ದಂಡೆಯಲ್ಲಿಯೇ ಎಂದು ಅಲ್ಲಿನ ಜನರ ನಂಬಿಕೆ. ಆ ಕಥೆ ನಿಮಗೆಲ್ಲ ತಿಳಿದುದೇ. ಯಕ್ಷನ ಮಾತನ್ನು ಕೇಳದೆ ಅವಸರದಿಂದ ನೀರಿಗೆ ಬಾಯಿಟ್ಟವರು ನಾಲ್ವರು ಬಿದ್ದರು. ನಿಂತು ಉತ್ತರಿಸಿದ ಧರ್ಮರಾಯನು ತಾನೂ ಉಳಿದು ತಮ್ಮಂದಿರನ್ನೂ ಉಳಿಸಿಕೊಂಡನು. ಆ ದಿನ ನಾವು ಈ ಕಥೆಯನ್ನು ಕೇವಲ ಕಥೆಯಾಗಿ ಹೇಳಿಕೊಂಡು ನಕ್ಕೆವು. ಮೂರು ದಿನಗಳ ಬಳಿಕ ಅದರ ಅರ್ಥ ನಮಗೆ ಬೇರೊಂದು ರೀತಿಯಲ್ಲಿ ತಿಳಿಯಿತು.

ನಡಿಗೆಯ ಲೆಕ್ಕ

ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂಬುದನ್ನು ಹೊರಡುವ ಮುಂಚೆಯೇ ಲೆಕ್ಕ ಹಾಕಬಹುದು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತನು 1892ರಲ್ಲಿ ಇದಕ್ಕೊಂದು ಸುಲಭವಾದ ಸೂತ್ರವನ್ನು ಕೊಟ್ಟನು. ಅದನ್ನು ಇಂದಿನ ಮಾನಗಳಲ್ಲಿ ಹೀಗೆ ಹೇಳಬಹುದು: ಪ್ರತಿ 5 ಕಿಲೋಮೀಟರು ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ.

ದೇವರಿಯಾ ತಾಲಿನ ದಾರಿ 3 ಕಿಲೋಮೀಟರು, ಏರು ಸುಮಾರು 400 ಮೀಟರು ಎಂದಿಟ್ಟುಕೊಳ್ಳೋಣ. ದೂರಕ್ಕೆ 36 ನಿಮಿಷ, ಏರಿಗೆ 40 ನಿಮಿಷ. ಒಟ್ಟು 1 ಗಂಟೆ 16 ನಿಮಿಷ. ನಮಗೆ ಹಿಡಿದುದು ಎರಡು ಗಂಟೆಗೆ ಸ್ವಲ್ಪ ಕಡಿಮೆ. ಏಕೆಂದರೆ ಸೂತ್ರವು ಬೆಟ್ಟದ ನಡಿಗೆಯ ಅಭ್ಯಾಸವಿದ್ದವರಿಗಾಗಿ ಮಾಡಿದುದು. ವಿಶ್ರಾಂತಿಯ ಹೊತ್ತು ಅದರಲ್ಲಿ ಸೇರಿಲ್ಲ. ತಮ್ಮ ನಡಿಗೆಯು ಸೂತ್ರಕ್ಕಿಂತ ಎಷ್ಟು ನಿಧಾನವೆಂಬುದನ್ನು ಮೊದಲ ದಿನವೇ ತಿಳಿದುಕೊಂಡವರು ಮುಂದಿನ ದಿನಗಳಲ್ಲಿ ಮೋಸಹೋಗುವುದಿಲ್ಲ.

ಎರಡನೆಯ ನಡಿಗೆ: ಹೇಮಕುಂಡ

ಬದರಿಯ ದಾರಿಯಲ್ಲಿ, ಜೋಶಿಮಠವನ್ನು ದಾಟಿದ ಮೇಲೆ ಗೋವಿಂದಘಾಟ್ ಎಂಬ ಸ್ಥಳವಿದೆ. ಅಲ್ಲಿಂದ ಪುಲನಾ ಎಂಬಲ್ಲಿಯವರೆಗೆ ವಾಹನವೂ, ಮುಂದೆ ಸುಮಾರು 10 ಕಿಲೋಮೀಟರು ಕಾಲುದಾರಿಯೂ ಕ್ರಮಿಸಿದರೆ ಘಾಂಘರಿಯಾ. ಇದರ ಎತ್ತರ ಸುಮಾರು 3,050 ಮೀಟರು. ಇಲ್ಲಿ ದಾರಿ ಎರಡಾಗುತ್ತದೆ. ಒಂದು, ಹೂಗಳ ಕಣಿವೆಯ ಕಡೆಗೆ. ಆಂಗ್ಲ ಪರ್ವತಾರೋಹಿ ಫ್ರಾಂಕ್ ಸ್ಮಿತ್ 1931ರಲ್ಲಿ ಕಾಮೆಟ್ ಶಿಖರದಿಂದ ಹಿಂದಿರುಗುವಾಗ ಈ ಕಣಿವೆಯನ್ನು ಕಂಡು ಹೊರಲೋಕಕ್ಕೆ ಪರಿಚಯಿಸಿದನು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇನ್ನೊಂದು ದಾರಿ ಹೇಮಕುಂಡ ಸರೋವರದ್ದು. ಇದು 6 ಕಿಲೋಮೀಟರು. ಸರೋವರದ ಎತ್ತರ ಸುಮಾರು 4,200 ಮೀಟರು.

ಸಿಖ್ಖರ ಹತ್ತನೆಯ ಗುರು ಗೋವಿಂದಸಿಂಹರು ತಮ್ಮ ಹಿಂದಿನ ಜನ್ಮದಲ್ಲಿ ತಪಸ್ಸು ಮಾಡಿದ, ಏಳು ಶಿಖರಗಳಿಂದ ಸುತ್ತುವರಿದ ಸ್ಥಳವಿದೆಂದು ಸಿಖ್ಖರು ನಂಬುತ್ತಾರೆ. ದಂಡೆಯಲ್ಲಿ ಗುರುದ್ವಾರವಿದೆ, ಅದರ ಮಾಡು ಭಾರವಾದ ಹಿಮವನ್ನು ತಾಳಿಕೊಳ್ಳುವಂತೆ ಇಳಿಜಾರಾಗಿ ರಚಿತವಾಗಿದೆ. ಸಮೀಪದಲ್ಲಿಯೇ ಲಕ್ಷ್ಮಣನ ಗುಡಿಯೂ ಉಂಟು. ವರ್ಷದ ಹೆಚ್ಚು ಭಾಗ ಹಿಮದಿಂದ ಮುಚ್ಚಿಹೋಗುವ ಈ ಕ್ಷೇತ್ರಕ್ಕೆ ಬೇಸಗೆಯ ಕೊನೆಯಿಂದ ಅಕ್ಟೋಬರಿನ ಮೊದಲ ಭಾಗದವರೆಗೆ ಮಾತ್ರ ಯಾತ್ರೆ. ಮೇಲೆ ರಾತ್ರಿ ತಂಗುವಂತಿಲ್ಲ. ಬಂದವರೆಲ್ಲ ಬಿಸಿ ಖಿಚಡಿಯನ್ನೂ ಚಹಾವನ್ನೂ ಸ್ವೀಕರಿಸಿ ಮಧ್ಯಾಹ್ನದ ಬಳಿಕ ಇಳಿಯಲೇಬೇಕು.

ಈಗ ಲೆಕ್ಕ ಮಾಡೋಣ. ದೂರಕ್ಕೆ 1 ಗಂಟೆ 12 ನಿಮಿಷ. 1,150 ಮೀಟರು ಏರಿಗೆ 1 ಗಂಟೆ 55 ನಿಮಿಷ. ಒಟ್ಟು 3 ಗಂಟೆ 7 ನಿಮಿಷ. ನಾವು ಇದಕ್ಕೆ ಎರಡು ಗಂಟೆ ಸೇರಿಸಿ ಐದು ಗಂಟೆಯೆಂದು ಗೊತ್ತುಮಾಡಿಕೊಂಡೆವು. ಬೆಳಗ್ಗೆ 6 ಗಂಟೆಗೆ ಹೊರಟರೆ 11 ಗಂಟೆಗೆ ಸರೋವರ. ಎಲ್ಲಿಯೇ ಇರಲಿ, 12 ಗಂಟೆಯಾದರೆ ಹಿಂದಿರುಗತಕ್ಕದ್ದು. ಯಾರಿಗಾದರೂ ಅಸ್ವಸ್ಥತೆ ಕಂಡರೆ ಹೊತ್ತು ನೋಡದೆ ಹಿಂದಿರುಗತಕ್ಕದ್ದು. ಈ ಎರಡು ಕಟ್ಟಳೆಗಳನ್ನು ಹಿಂದಿನ ರಾತ್ರಿ ಎಲ್ಲರೂ ಒಪ್ಪಿದೆವು. ಒಪ್ಪುವುದು ಬಹಳ ಸುಲಭವಾಗಿತ್ತು.

ಎತ್ತರದ ಗಾಳಿ

ಮುಂದೆ ನಡೆದುದನ್ನು ಹೇಳುವ ಮುನ್ನ, ಎತ್ತರವು ನಮ್ಮ ದೇಹಕ್ಕೆ ಮಾಡುವುದೇನೆಂಬುದನ್ನು ತಿಳಿಯಬೇಕು. ಎತ್ತರದಲ್ಲಿ ಗಾಳಿಯೊಳಗಣ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಹಲವರು ತಿಳಿದಿರುತ್ತಾರೆ. ಅದು ಸರಿಯಲ್ಲ. ಸಮುದ್ರತೀರದಲ್ಲಿ ನೂರಕ್ಕೆ ಸುಮಾರು 21 ಪಾಲು ಇದ್ದುದು ಮೇಲೆಯೂ 21 ಪಾಲೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. 4,200 ಮೀಟರು ಎತ್ತರದಲ್ಲಿ ಒತ್ತಡವು ಸಮುದ್ರಮಟ್ಟದ ಒತ್ತಡದ ನೂರಕ್ಕೆ 60ರಷ್ಟು ಮಾತ್ರ. ಆದುದರಿಂದ ಒಂದು ಉಸಿರಿಗೆ ಇಲ್ಲಿ ಹತ್ತು ಪಾಲು ಆಮ್ಲಜನಕ ಸಿಕ್ಕಿದರೆ ಅಲ್ಲಿ ಸಿಗುವುದು ಆರು ಪಾಲು. ಒತ್ತಡ ಕಡಿಮೆಯಾದ ಕಾರಣ ಅಲ್ಲಿ ನೀರು ಸುಮಾರು 86 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಬೇಕು. ಪ್ರತಿ 1,000 ಮೀಟರು ಏರಿಗೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕಾಸರಗೋಡಿನಲ್ಲಿ 30 ಡಿಗ್ರಿ ಇದೆಯೆಂದಾದರೆ, ಇದೇ ಲೆಕ್ಕದಂತೆ 4,200 ಮೀಟರು ಎತ್ತರದಲ್ಲಿ ಎಷ್ಟು? 27 ಡಿಗ್ರಿಗೂ ಮಿಕ್ಕಿ ಇಳಿದು 3 ಡಿಗ್ರಿಯ ಒಳಗೆ ಬರುತ್ತದೆ.

ದೇಹವು ಈ ಕೊರತೆಗೆ ಹೊಂದಿಕೊಳ್ಳಬಲ್ಲುದು. ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರುಗಳ ಮೇಲೆ, ಮಲಗುವ ಸ್ಥಳವನ್ನು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಹಗಲಿನಲ್ಲಿ ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿಗೆ ಬಂದು ಮಲಗುವುದು ಒಳ್ಳೆಯ ಕ್ರಮ. ಹೊಂದಿಕೊಳ್ಳದವರಿಗೆ ಮೊದಲು ತಲೆನೋವು. ಬಳಿಕ ಓಕರಿಕೆ, ಅನ್ನ ಬೇಡವೆನಿಸುವುದು, ತಲೆಸುತ್ತು, ಮಿತಿಮೀರಿದ ಆಯಾಸ. ಇಷ್ಟರಲ್ಲಿ ನಿಲ್ಲದೆ ಏರಿದರೆ ಮಿದುಳಿನಲ್ಲಿ ಬಾವು ಬಂದು ಹೆಜ್ಜೆ ತಪ್ಪುತ್ತದೆ, ಮಾತು ತೊದಲುತ್ತದೆ. ಇಲ್ಲವೆ ಶ್ವಾಸಕೋಶದಲ್ಲಿ ನೀರು ತುಂಬಿ ಕುಳಿತಲ್ಲಿಯೇ ಏದುಸಿರು ಬರುತ್ತದೆ. ಇವೆರಡೂ ಪ್ರಾಣಾಂತಿಕ. ಇವುಗಳಿಗೆ ಮೊದಲನೆಯ ಮದ್ದು ಕೆಳಗಿಳಿಯುವುದು. ದೇಹ ಗಟ್ಟಿಯಾಗಿರುವವರಿಗೆ, ಎಳೆಯರಿಗೆ ಇದು ಬರುವುದಿಲ್ಲವೆಂದು ಹೇಳುವಂತಿಲ್ಲ. ವೇಗವಾಗಿ ಏರುವವರಿಗೇ ಇದರ ಭಯ ಹೆಚ್ಚು.

ಹಿಂದಿರುಗಿದುದು

ನಮ್ಮ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವರು ಒಬ್ಬ ತರುಣ ಅಧ್ಯಾಪಕರು. ಶಾಲೆಯ ಮೈದಾನದಲ್ಲಿ ಅವರ ಜತೆಗೆ ಓಡಿ ಗೆದ್ದ ವಿದ್ಯಾರ್ಥಿಗಳು ವಿರಳ. ಆ ದಿನವೂ ಅವರು ನಮ್ಮೆಲ್ಲರಿಗಿಂತ ಮುಂದೆ ಹೋಗಿ, ತಿರುವುಗಳಲ್ಲಿ ನಿಂತು, ನಾವು ಬರುವುದನ್ನು ಕಂಡು ನಗುತ್ತಿದ್ದರು. ಮರಗಳ ಗಡಿ ಮುಗಿಯಿತು. ಹುಲ್ಲು, ಬಂಡೆ, ಅಲ್ಲಲ್ಲಿ ಹಿಮದ ತುಂಡು. ಬಂಡೆಗಳ ಸಂದಿನಲ್ಲಿ ಬ್ರಹ್ಮಕಮಲದ ಗಿಡಗಳು ಕಾಣತೊಡಗಿದವು. ಕೊನೆಯ ಭಾಗದಲ್ಲಿ ಕಲ್ಲಿನ ಮೆಟ್ಟಿಲುಗಳ ಒಂದು ಅಡ್ಡದಾರಿಯಿದೆ. ಅದರ ಬುಡಕ್ಕೆ ನಾವು ತಲಪಿದಾಗ ಹತ್ತೂವರೆ ಗಂಟೆ. ಆ ಅಧ್ಯಾಪಕರು ಒಂದು ಬಂಡೆಗೆ ಒರಗಿ ಕುಳಿತಿದ್ದರು. ಈ ಬಾರಿ ನಗಲಿಲ್ಲ.

"ಏನಾಯಿತು?" ಎಂದು ಕೇಳಿದೆವು.

"ಏನೂ ಇಲ್ಲ ಮಾಷ್ಟ್ರೇ, ಸ್ವಲ್ಪ ತಲೆನೋವು. ಬೆಳಗ್ಗೆಯೇ ಇತ್ತು. ನೀವು ನಡೆಯಿರಿ, ನಾನು ಹಿಂದಿನಿಂದ ಬರುತ್ತೇನೆ."

ಬೆಳಗ್ಗೆಯೇ ಇತ್ತೆಂಬುದನ್ನು ಅವರು ಆಗ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಬಿಟ್ಟುಹೋಗುವರೋ ಎಂದು ಸಂಕೋಚ. ತಂಡದಲ್ಲಿದ್ದ ವೃದ್ಧ ರಕ್ಷಕರೊಬ್ಬರು ಅವರನ್ನು ಎಬ್ಬಿಸಿ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನೇರವಾದ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿದರು. ಇದು ಎತ್ತರದ ರೋಗವನ್ನು ಗುರುತಿಸುವ ಸರಳ ಪರೀಕ್ಷೆ. ನಾಲ್ಕನೆಯ ಹೆಜ್ಜೆಗೆ ಅವರು ಪಕ್ಕಕ್ಕೆ ವಾಲಿದರು.

ಆಗ ಏನು ಮಾಡಬೇಕೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೂ ಮನಸ್ಸು ಸುಲಭವಾಗಿ ಒಪ್ಪಲಿಲ್ಲವೆಂಬುದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ದಿನಗಟ್ಟಲೆ ಪ್ರಯಾಣ ಮಾಡಿ, ವರ್ಷಗಳಿಂದ ಕೂಡಿಟ್ಟ ಹಣವನ್ನು ವ್ಯಯಿಸಿ, ಸರೋವರಕ್ಕೆ ಇನ್ನು ಒಂದು ಗಂಟೆಯ ದಾರಿಯೂ ಇಲ್ಲದಲ್ಲಿಗೆ ಬಂದಿದ್ದೆವು. ಅವರನ್ನು ಅಲ್ಲಿಯೇ ಕುಳ್ಳಿರಿಸಿ ನೋಡಿ ಬರೋಣವೆಂಬ ಮಾತು ಒಬ್ಬರ ಬಾಯಿಂದ ಬಂತು. ಆ ಮಾತು ನಮ್ಮ ಮನಸ್ಸಿನಲ್ಲಿಯೂ ಇದ್ದಿತು. ಆ ಕ್ಷಣದಲ್ಲಿ ನೆನಪಾದುದು ದೇವರಿಯಾ ತಾಲಿನ ದಂಡೆಯ ಕಥೆ. ಬಾಯಾರಿಕೆ ಎಷ್ಟೇ ಇರಲಿ, ಮೊದಲು ಪ್ರಶ್ನೆಗೆ ಉತ್ತರಿಸಬೇಕು. ತಮ್ಮಂದಿರು ಬಿದ್ದಿರುವಾಗ ನೀರು ಕುಡಿಯುವುದೆಂತು?

ನಾವೂ ಆ ವೃದ್ಧರೂ ಅವರೊಡನೆ ಇಳಿಯುವುದೆಂದೂ, ಸ್ವಸ್ಥರಾಗಿದ್ದ ಉಳಿದ ಐವರು ಒಟ್ಟಾಗಿ ಮೇಲೆ ಹೋಗಿ ಬರುವುದೆಂದೂ ನಿಶ್ಚಯಿಸಿದೆವು. ಅವರನ್ನು ಇಬ್ಬರ ನಡುವೆ ಹಿಡಿದುಕೊಂಡು ಮೆಲ್ಲಮೆಲ್ಲನೆ ಇಳಿದೆವು. ಮರಗಳು ಮತ್ತೆ ಕಾಣಿಸುವಷ್ಟು ಕೆಳಗೆ ಬಂದಾಗ ಅವರ ಹೆಜ್ಜೆ ನೆಟ್ಟಗಾಯಿತು. ಘಾಂಘರಿಯಾಕ್ಕೆ ಬಂದಾಗ ತಲೆನೋವು ಇಳಿದಿತ್ತು. ಅಲ್ಲಿದ್ದ ವೈದ್ಯರು ಪರೀಕ್ಷಿಸಿ, ಮತ್ತೆ ಮೇಲಕ್ಕೆ ಹೋಗಕೂಡದೆಂದೂ, ಮರುದಿನವೇ ಇನ್ನಷ್ಟು ಕೆಳಗಿಳಿಯಬೇಕೆಂದೂ ಹೇಳಿದರು. "ಇನ್ನೊಂದು ಗಂಟೆ ಮೇಲೆ ಏರಿದ್ದರೆ ಹೊತ್ತು ತರಬೇಕಾಗುತ್ತಿತ್ತು," ಎಂಬ ಅವರ ಮಾತನ್ನು ಕೇಳಿ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಸಂಜೆ ಐವರೂ ಕ್ಷೇಮವಾಗಿ ಹಿಂದಿರುಗಿದರು. ಒಬ್ಬರು ಚಿಕ್ಕ ಸೀಸೆಯಲ್ಲಿ ಸರೋವರದ ನೀರನ್ನು ತಂದು ಆ ಅಧ್ಯಾಪಕರ ಕೈಗೆ ಕೊಟ್ಟರು. ಅವರು ಅದನ್ನು ಹಿಡಿದುಕೊಂಡು, "ನನ್ನಿಂದಾಗಿ ನಿಮಗೆ ದರ್ಶನ ತಪ್ಪಿತು," ಎಂದರು. "ಸರೋವರ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ವೃದ್ಧರು ಉತ್ತರಿಸಿದರು. ಆ ಅಧ್ಯಾಪಕರು ಇಂದಿಗೂ ನಮ್ಮ ಶಾಲೆಯ ಮೈದಾನದಲ್ಲಿ ಮಕ್ಕಳೊಡನೆ ಓಡುತ್ತಿದ್ದಾರೆ. ತಮ್ಮ ಕಥೆಯನ್ನು ಇಲ್ಲಿ ಬರೆಯಬೇಕೆಂದು ಒತ್ತಾಯಿಸಿದವರೂ ಅವರೇ.

ಓಡಿಹೋದ ಸರೋವರ

ಸರೋವರ ಓಡಿಹೋಗುವುದಿಲ್ಲವೆಂದು ವೃದ್ಧರು ಹೇಳಿದುದು ಸಮಾಧಾನಕ್ಕಾಗಿ. ಆದರೆ ಅದೇ ನಾಡಿನಲ್ಲಿ ಒಂದು ಸರೋವರವು ನಿಜವಾಗಿಯೂ ಓಡಿಹೋಗಿದೆ. ಕೇದಾರನಾಥದಿಂದ ಸುಮಾರು 3 ಕಿಲೋಮೀಟರು ಮೇಲೆ, ಚೋರಾಬಾರಿ ಹಿಮನದಿಯ ಪಕ್ಕದಲ್ಲಿ, ಮೊರೇನಿನ ಕಟ್ಟೆಯ ಹಿಂದೆ ಒಂದು ಸರೋವರವಿದ್ದಿತು. 1948ರಲ್ಲಿ ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದಂಶವನ್ನು ಅಲ್ಲಿ ವಿಸರ್ಜಿಸಿದುದರಿಂದ ಅದಕ್ಕೆ ಗಾಂಧಿ ಸರೋವರವೆಂದು ಹೆಸರಾಯಿತು. ಕೇದಾರಕ್ಕೆ ಬಂದ ಯಾತ್ರಿಕರು ಬೆಳಗ್ಗೆ ಹೊರಟು ಅದನ್ನು ನೋಡಿ ಮಧ್ಯಾಹ್ನಕ್ಕೆ ಹಿಂದಿರುಗುತ್ತಿದ್ದರು.

2013ರ ಜೂನ್ ತಿಂಗಳ ನಡುವಿನಲ್ಲಿ ಆ ಪ್ರಾಂತದಲ್ಲಿ ಅಕಾಲಿಕವಾದ ಭಾರೀ ಮಳೆ ಸುರಿಯಿತು. ಮೇಲಿನ ಹಿಮವೂ ಕರಗಿತು. ನೀರು ಹೊರಹೋಗಲು ತಕ್ಕ ದಾರಿಯಿಲ್ಲದೆ ಸರೋವರ ತುಂಬಿತು. ಜೂನ್ 17ರ ಬೆಳಗ್ಗೆ ಸಡಿಲವಾದ ಕಟ್ಟೆ ಒಡೆದು, ಕೆಲವೇ ನಿಮಿಷಗಳಲ್ಲಿ ನೀರೆಲ್ಲ ಕಲ್ಲುಬಂಡೆಗಳೊಡನೆ ಕೇದಾರದ ಮೇಲೆ ಎರಗಿತು. ಆ ದಿನಗಳ ಪ್ರವಾಹದಿಂದ ಉತ್ತರಾಖಂಡದಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಸಾವಿರಾರು ಮಂದಿ. ಗೋವಿಂದಘಾಟಿನ ಸೇತುವೆಯೂ ಹೇಮಕುಂಡದ ಕಾಲುದಾರಿಯ ಬಹುಭಾಗವೂ ಅದೇ ಪ್ರವಾಹದಲ್ಲಿ ನಾಶವಾದವು. ಮುಂದೆ 2023ರ ಅಕ್ಟೋಬರ್ ತಿಂಗಳಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೊನಾಕ್ ಸರೋವರವೂ ಹೀಗೆಯೇ ಉಕ್ಕಿ, ತೀಸ್ತಾ ನದಿಯ ದೊಡ್ಡ ಅಣೆಕಟ್ಟೊಂದನ್ನು ಕೊಚ್ಚಿಕೊಂಡು ಹೋಯಿತು.

ಇದು ಬರಿಯ ಆಕಸ್ಮಿಕವೆಂದು ಬಿಡುವಂತಿಲ್ಲ. ಭೂಮಿಯ ಹವೆ ಬೆಚ್ಚಗಾಗುತ್ತಿರುವುದರಿಂದ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿವೆ, ಸರೋವರಗಳು ಹಿಗ್ಗುತ್ತಿವೆ. ನಮ್ಮ ದೇಶದ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು ಉಪಗ್ರಹಗಳ ಚಿತ್ರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಮಾಲಯದ ನದೀಕಣಿವೆಗಳಲ್ಲಿ 10 ಹೆಕ್ಟೇರಿಗಿಂತ ದೊಡ್ಡದಾದ 2,431 ಸರೋವರಗಳ ಪೈಕಿ 676 ಸರೋವರಗಳು 1984ರಿಂದೀಚೆಗೆ ಗಣನೀಯವಾಗಿ ಹಿಗ್ಗಿವೆ. ಅವುಗಳಲ್ಲಿ 130 ಭಾರತದಲ್ಲಿವೆ. ಮದಕದ ಕಟ್ಟೆಯನ್ನು ಮಳೆಗಾಲಕ್ಕೆ ಮುಂಚೆ ನೋಡಿ ಬರುವ ಕೃಷಿಕನಂತೆ, ಈ ಸರೋವರಗಳನ್ನೂ ಕಾಯಬೇಕಾದವರು ಮುಂದಿನ ತಲೆಮಾರಿನಲ್ಲಿ ಬೇಕಾಗಿದ್ದಾರೆ. ಅವರಲ್ಲಿ ನಮ್ಮ ಶಾಲೆಯ ಮಕ್ಕಳೂ ಇರಬಾರದೇಕೆ?

ನಡೆಯುವವರಿಗೆ ಕೆಲವು ಮಾತುಗಳು

ಹೊಸ ಜೋಡನ್ನು ಬೆಟ್ಟದಲ್ಲಿ ಮೊದಲ ಬಾರಿ ಹಾಕಿಕೊಳ್ಳಬಾರದು. ಒಂದು ತಿಂಗಳು ಮುಂಚಿತವಾಗಿ ಹಾಕಿ ನಡೆದು ಪಳಗಿಸಬೇಕು. ಒಂದು ದಪ್ಪ ಅಂಗಿಗಿಂತ ಒಂದರ ಮೇಲೊಂದಾಗಿ ತೊಡುವ ಮೂರು ತೆಳು ಅಂಗಿಗಳು ಮೇಲು. ಬೆವರಿದಾಗ ಒಂದನ್ನು ತೆಗೆಯಬಹುದು, ನಿಂತಾಗ ಮತ್ತೆ ಹಾಕಬಹುದು. ಬೆಳಗ್ಗೆ ಆಕಾಶ ಎಷ್ಟೇ ತಿಳಿಯಾಗಿದ್ದರೂ ಮಳೆಯಂಗಿ ಚೀಲದಲ್ಲಿರಲಿ. ಬೆಟ್ಟದಲ್ಲಿ ಮೋಡವು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕವಿಯುತ್ತದೆ. ಬಾಯಾರುವ ಮೊದಲೇ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಎದುರಿನಿಂದ ಹೇಸರಗತ್ತೆಗಳು ಬಂದಾಗ ಕಣಿವೆಯ ಅಂಚಿಗೆ ಸರಿಯದೆ ಬೆಟ್ಟದ ಗೋಡೆಯ ಕಡೆಗೆ ನಿಲ್ಲಬೇಕು. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಬೇಕು. ನಾವು ಆ ದಿನ ಇದನ್ನು ಪಾಲಿಸಲಿಲ್ಲ. ಪಾಲಿಸಿದ್ದರೆ ನಮ್ಮ ಮಿತ್ರರು ಅಷ್ಟು ಬೇಗನೆ ಏರುತ್ತಲೂ ಇರಲಿಲ್ಲ, ತಲೆನೋವನ್ನು ನಮ್ಮಿಂದ ಮರೆಸುವುದೂ ಆಗುತ್ತಿರಲಿಲ್ಲ.

ಹೊತ್ತು ಹೋದುದನ್ನೆಲ್ಲ ಹೊತ್ತು ತರಬೇಕು. ಪ್ಲಾಸ್ಟಿಕ್ಕಿನ ಚೀಲವಾಗಲಿ, ಮಿಠಾಯಿಯ ಕಾಗದವಾಗಲಿ ಆ ಚಳಿಯಲ್ಲಿ ಕೊಳೆಯುವುದಿಲ್ಲ. ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರಲ್ಲಿ ಬುಗ್ಯಾಲ್‌ಗಳೆಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಬೇಕಾಗಿ ಬಂದುದು ಇಂತಹ ಪ್ರದೇಶಗಳನ್ನು ಮನುಷ್ಯರ ದಟ್ಟಣೆಯಿಂದ ಉಳಿಸುವುದಕ್ಕಾಗಿಯೇ. ಬೆಳಗ್ಗೆ ಹೋಗಿ ಸಂಜೆಗೆ ಹಿಂದಿರುಗುವ ಒಂದು ದಿನದ ನಡಿಗೆಯು ನಡೆಯುವವರಿಗೂ ಕ್ಷೇಮ, ಸರೋವರಕ್ಕೂ ಕ್ಷೇಮ.

ಹೆತ್ತವರಲ್ಲಿ ವಿಜ್ಞಾಪನೆ

ಮಕ್ಕಳನ್ನು ಕಳುಹಿಸುವುದಕ್ಕೆ ಅಳುಕುವ ಹೆತ್ತವರನ್ನು ನಾವು ದೂಷಿಸುವುದಿಲ್ಲ. ಆದರೆ ಅಳುಕಿಗೆ ಉತ್ತರವು ಮನೆಯಲ್ಲಿ ಕುಳಿತುಕೊಳ್ಳುವುದಲ್ಲ, ಸಿದ್ಧತೆ. ಮೊದಲು ನಮ್ಮ ಪೊಸಡಿ ಗುಂಪೆಯನ್ನು ಏರೋಣ. ಅದು ಅಭ್ಯಾಸವಾದ ಮೇಲೆ 1,712 ಮೀಟರು ಎತ್ತರದ ಕುಮಾರಪರ್ವತವಿದೆ. ಆಮೇಲೆ ಉತ್ತರಕ್ಕೆ ಹೋಗಿ ದೇವರಿಯಾ ತಾಲನ್ನು ಕಾಣೋಣ. ಶಾಲೆಯ ಮಕ್ಕಳಿಗೆ ಅಷ್ಟು ಸಾಕು. ಹೇಮಕುಂಡದಂತಹ ಎತ್ತರಗಳು ಅವರು ಬೆಳೆದು, ವೈದ್ಯರ ಸಲಹೆ ಪಡೆದು, ತಮ್ಮ ದೇಹವನ್ನು ತಾವೇ ಅರಿತ ಮೇಲೆ ಹೋಗತಕ್ಕ ಸ್ಥಳಗಳು. ಮಗುವಿಗೆ ನೀವು ಒಂದು ಮಾತನ್ನು ಮಾತ್ರ ಮರೆಯದೆ ಹೇಳಿ ಕಳುಹಿಸಿರಿ: ನೋವಾದರೆ ಮುಚ್ಚಿಡಬೇಡ, ಹಿಂದಿರುಗಿ ಬಂದವನನ್ನು ನಮ್ಮ ಮನೆಯಲ್ಲಿ ಯಾರೂ ಹಳಿಯುವುದಿಲ್ಲ.

ವಿದ್ಯಾರ್ಥಿಗಳು ಉತ್ತರಿಸಬೇಕಾದ ಪ್ರಶ್ನೆಗಳು

1. ಮದಕದ ಕಟ್ಟೆಗೂ ಮೊರೇನಿನ ಕಟ್ಟೆಗೂ ಇರುವ ಸಾಮ್ಯವೇನು, ಭೇದವೇನು?

2. 8 ಕಿಲೋಮೀಟರು ದೂರ, 900 ಮೀಟರು ಏರು ಇರುವ ದಾರಿಗೆ ನೈಸ್ಮಿತನ ಸೂತ್ರದಂತೆ ಎಷ್ಟು ಹೊತ್ತು ಬೇಕು? ಮಧ್ಯಾಹ್ನ 12 ಗಂಟೆಗೆ ಮೇಲಿರಬೇಕಾದರೆ, ಎರಡು ಗಂಟೆ ಹೆಚ್ಚಿಗೆ ಇರಿಸಿಕೊಂಡು, ಎಷ್ಟು ಗಂಟೆಗೆ ಹೊರಡಬೇಕು?

3. ಎತ್ತರದಲ್ಲಿ ಕಡಿಮೆಯಾಗುವುದು ಆಮ್ಲಜನಕದ ಪಾಲೋ, ಗಾಳಿಯ ಒತ್ತಡವೋ? ಅದರಿಂದ ಅಡಿಗೆಗೆ ಆಗುವ ತೊಡಕೇನು?

4. ನಿಮ್ಮ ಮನೆಯ ಸಮೀಪದ ಪಳ್ಳ ಇಲ್ಲವೆ ಮದಕವೊಂದನ್ನು ನೋಡಿ ಬಂದು, ಅದರ ಕಟ್ಟೆಯ ಸ್ಥಿತಿಯೇನೆಂದೂ ಅದರ ನೀರಿನಿಂದ ಬದುಕುವವರು ಯಾರೆಂದೂ ಒಂದು ಪುಟದಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಯ ಉತ್ತರಗಳನ್ನು ನಾವು ಆದರದಿಂದ ಎದುರುನೋಡುತ್ತೇವೆ. ದೂರದ ಸರೋವರವನ್ನು ಕಾಣಬಯಸುವವರು ಮೊದಲು ತಮ್ಮ ಗುಡ್ಡದ ಕೆರೆಯನ್ನು ಕಂಡಿರಬೇಕು. ಹೇಮಕುಂಡದ ನೀರಿದ್ದ ಆ ಚಿಕ್ಕ ಸೀಸೆ ಈಗಲೂ ನಮ್ಮ ಶಾಲೆಯ ಭೂಗೋಳದ ಕಪಾಟಿನಲ್ಲಿದೆ. ಬಂದು ನೋಡಬಹುದು.